ಎರಡು ಮೂರ್ಛೆಗಳು: ‘ಪೋಕೆಮಾನ್’ ಆಟದ ಒಂದು ನೈತಿಕ ವಿಮರ್ಶೆ

2016ರ ಸೆಪ್ಟೆಂಬರ್ ತಿಂಗಳಿನಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯದ ಮುಂದೆ ಒಂದು ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಬಂದಿತು. ‘ಪೋಕೆಮಾನ್ ಗೋ’ ಎಂಬುದು ಮೊಬೈಲ್ ಫೋನಿನಲ್ಲಿ ಆಡುವ ಆಟ. ಆಡುವವನು ಊರಿನ ನಿಜವಾದ ಬೀದಿಗಳಲ್ಲಿ ನಡೆದಾಡುತ್ತ, ಆಟವು ಗೊತ್ತುಮಾಡಿದ ಸ್ಥಳಗಳನ್ನು ತಲುಪಿ, ಅಲ್ಲಿ ದೊರೆಯುವ ವಸ್ತುಗಳನ್ನು ಫೋನಿನ ಪರದೆಯ ಮೇಲೆ ಸಂಗ್ರಹಿಸಬೇಕು. ಆ ಸ್ಥಳಗಳಲ್ಲಿ ಹಿಂದೂ ಮತ್ತು ಜೈನ ಪೂಜಾಸ್ಥಳಗಳೂ ಸೇರಿದ್ದವು. ದೊರೆಯುವ ವಸ್ತುಗಳಲ್ಲಿ ಮೊಟ್ಟೆಯ ಚಿತ್ರವೂ ಇತ್ತು. ದೇವಸನ್ನಿಧಿಯಲ್ಲಿ ಮೊಟ್ಟೆ ತೋರುವುದು ಭಕ್ತರ ಭಾವನೆಗೆ ಆಘಾತವೆಂಬುದು ಅರ್ಜಿಯ ವಾದವಾಗಿತ್ತು. ನ್ಯಾಯಾಲಯವು ಆಟವನ್ನು ತಯಾರಿಸಿದ ಅಮೆರಿಕದ ನಯಾಂಟಿಕ್ ಸಂಸ್ಥೆಗೆ ನೋಟೀಸು ನೀಡಿತು.

ಆ ನೋವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ಮೊಟ್ಟೆಯ ಚಿತ್ರವು ಆಟದ ಹೊರಮೈ ಮಾತ್ರ. ಚಿತ್ರವನ್ನು ತೆಗೆದುಹಾಕಿದರೆ ಆಕ್ಷೇಪವೂ ಮುಗಿಯುತ್ತದೆ. ಆಟವು ಮಗುವಿನ ಮನಸ್ಸಿಗೆ ಯಾವುದನ್ನು ರೂಢಿ ಮಾಡಿಸುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಫೋನಿನ ಆಟಕ್ಕಿಂತ 20 ವರ್ಷ ಹಿಂದಕ್ಕೆ ಹೋಗಿ, ಈ ಬಗೆಯ ಆಟಗಳಿಗೆಲ್ಲ ಮೂಲವಾದ ಕೃತಿಯನ್ನೇ ಪರೀಕ್ಷಿಸಬೇಕಾಗುತ್ತದೆ.

1996ರ ಫೆಬ್ರವರಿ 27ರಂದು ಜಪಾನಿನಲ್ಲಿ ನಿಂಟೆಂಡೊ ಸಂಸ್ಥೆಯ ‘ಗೇಮ್ ಬಾಯ್’ ಎಂಬ ಕೈಯಂತ್ರಕ್ಕಾಗಿ ‘ಪೋಕೆಮಾನ್’ ಆಟದ ಕೆಂಪು ಮತ್ತು ಹಸಿರು ಆವೃತ್ತಿಗಳು ಹೊರಬಂದವು. 1998ರ ಸೆಪ್ಟೆಂಬರಿನಲ್ಲಿ ಅವು ಅಮೆರಿಕದಲ್ಲಿ ಕೆಂಪು ಮತ್ತು ನೀಲಿ ಎಂಬ ಹೆಸರಿನಿಂದ ಪ್ರಕಟವಾದವು. ಈ ಮೊದಲ ಆವೃತ್ತಿಗಳ 3 ಕೋಟಿಗೂ ಹೆಚ್ಚು ಪ್ರತಿಗಳು ಲೋಕದಾದ್ಯಂತ ಮಾರಾಟವಾದವು. ಭಾರತದ ಮಕ್ಕಳಲ್ಲಿ ಅನೇಕರಿಗೆ ಈ ಲೋಕದ ಪರಿಚಯವಾದದ್ದು 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ಬಂದ ಧಾರಾವಾಹಿಯಿಂದ. ಅಂದಿನ ಆ ಮಕ್ಕಳು ಇಂದು ತಾಯಿತಂದೆಯರಾಗುವ ವಯಸ್ಸಿಗೆ ಬಂದಿದ್ದಾರೆ. ಆದುದರಿಂದ ಈ ಆಟದ ಗುಣದೋಷ ವಿವೇಚನೆ ಹಳೆಯ ಆಟಿಕೆಯೊಂದರ ನೆನಪಲ್ಲ, ಮನೆಯೊಳಗಿನ ವಿಷಯ.

ಕೀಟ ಹಿಡಿಯುವ ಬಾಲಕ

ಈ ಆಟದ ಕರ್ತೃ ಸತೋಶಿ ತಜಿರಿ. ಟೋಕಿಯೋ ಮಹಾನಗರದ ಅಂಚಿನ ಮಚಿದ ಎಂಬಲ್ಲಿ ಬೆಳೆದವರು. ಅವರ ಬಾಲ್ಯದಲ್ಲಿ ಅಲ್ಲಿ ಗದ್ದೆ, ಕೊಳ, ಕಾಡುಮರಗಳಿದ್ದವು; ಕೀಟಗಳನ್ನು ಹುಡುಕಿ ಹಿಡಿಯುವುದೇ ಅವರ ಹವ್ಯಾಸವಾಗಿತ್ತು. ಇತರ ಮಕ್ಕಳು ಜೀರುಂಡೆಗಾಗಿ ಮರದ ತೊಗಟೆಗೆ ಜೇನು ಸವರುತ್ತಿದ್ದರೆ, ಇವರು ಮರದ ಬುಡದಲ್ಲಿ ಕಲ್ಲನ್ನಿಟ್ಟು, ಜೀರುಂಡೆ ತಾನಾಗಿ ಅದರ ಕೆಳಗೆ ಬಂದು ಮಲಗುವಂತೆ ಮಾಡುತ್ತಿದ್ದರೆಂದು ತಾವೇ ಹೇಳಿಕೊಂಡಿದ್ದಾರೆ. ಊರು ಬೆಳೆದಂತೆ ಕೊಳಗಳು ಮುಚ್ಚಿಹೋದವು, ಕಟ್ಟಡಗಳೆದ್ದವು. ಬಯಲಿನಲ್ಲಿ ಅಲೆದು ಜೀವಿಗಳನ್ನು ಕಾಣುವ ಆ ಸಂತೋಷವು ಮುಂದಿನ ಮಕ್ಕಳಿಗೆ ಇಲ್ಲವಾಯಿತಲ್ಲ ಎಂಬ ಕೊರಗು ಈ ಆಟದ ಬೀಜ.

1983ರಲ್ಲಿ ತಜಿರಿ ‘ಗೇಮ್ ಫ್ರೀಕ್’ ಎಂಬ ಕಿರುಪತ್ರಿಕೆಯನ್ನು ಆರಂಭಿಸಿದರು. 1989ರಲ್ಲಿ ಅದೇ ಹೆಸರಿನ ಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಬಂದ ಗೇಮ್ ಬಾಯ್ ಯಂತ್ರಕ್ಕೆ ಒಂದು ವಿಶೇಷವಿತ್ತು: ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಬಹುದಾಗಿತ್ತು. ಆ ತಂತಿಯಲ್ಲಿ ಜೀವಿಗಳು ಅತ್ತಿಂದಿತ್ತ ಸಂಚರಿಸುವುದನ್ನು ತಾವು ಕಲ್ಪಿಸಿಕೊಂಡುದಾಗಿ ತಜಿರಿ ಹೇಳಿದ್ದಾರೆ. ಪರಸ್ಪರ ಸೋಲಿಸುವುದಕ್ಕೆಂದು ಬಳಕೆಯಾಗುತ್ತಿದ್ದ ತಂತಿಯನ್ನು ಪರಸ್ಪರ ಕೊಟ್ಟುಕೊಳ್ಳುವುದಕ್ಕೆ ಬಳಸಬಹುದೆಂಬ ಈ ಆಲೋಚನೆ ಶ್ಲಾಘ್ಯವಾದುದು. ಸುಮಾರು ಆರು ವರ್ಷಗಳ ದುಡಿಮೆಯ ನಂತರ ಆಟ ಸಿದ್ಧವಾಯಿತು. ಜೀವಿಗಳ ರೂಪರೇಖೆಗೆ ಮುಖ್ಯ ಚಿತ್ರಕಾರರಾದವರು ಕೆನ್ ಸುಗಿಮೊರಿ; ಸಂಗೀತ ಜುನಿಚಿ ಮಸುದ ಅವರದು.

ಆಟದ ಕಥೆ ಸರಳ. ಒಬ್ಬ ಬಾಲಕ ತನ್ನ ಹಳ್ಳಿಯಿಂದ ಹೊರಡುತ್ತಾನೆ. ಓಕ್ ಎಂಬ ವೃದ್ಧ ಪ್ರಾಧ್ಯಾಪಕರು ಅವನಿಗೆ ಮೂರು ಜೀವಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ. ಜೊತೆಗೆ ಪೋಕೆಡೆಕ್ಸ್ ಎಂಬ ಖಾಲಿ ವಿಶ್ವಕೋಶವನ್ನು ಕೊಡುತ್ತಾರೆ. ನಾಡಿನಲ್ಲಿರುವ ಜೀವಿಗಳೆಲ್ಲವನ್ನೂ ಕಂಡು, ಹಿಡಿದು, ಆ ಕೋಶವನ್ನು ತುಂಬುವುದು ಪ್ರಾಧ್ಯಾಪಕರ ಬಹುಕಾಲದ ಕನಸು. ವೃದ್ಧಾಪ್ಯದಿಂದ ತಮಗೆ ಸಾಧ್ಯವಾಗದ ಆ ಕೆಲಸವನ್ನು ಅವರು ಮಗುವಿಗೆ ವಹಿಸುತ್ತಾರೆ. ಜೀವಿಗಳ ಒಟ್ಟು ಸಂಖ್ಯೆ 150. ತಯಾರಕರು ಕೊನೆಯ ಗಳಿಗೆಯಲ್ಲಿ ಗುಟ್ಟಾಗಿ ಸೇರಿಸಿದ ‘ಮ್ಯೂ’ ಎಂಬುದೂ ಸೇರಿದರೆ 151. ದಾರಿಯಲ್ಲಿ ಬಾಲಕನು ಎಂಟು ಊರುಗಳ ನಾಯಕರೊಡನೆ ತನ್ನ ಜೀವಿಗಳನ್ನು ಸೆಣಸಿಗೆ ಬಿಟ್ಟು, ಎಂಟು ಪದಕಗಳನ್ನು ಗಳಿಸಿ, ಕಡೆಗೆ ವಿಜೇತನಾಗುತ್ತಾನೆ.

ಸಾವಿಲ್ಲದ ಕಾಳಗ

ಮೊದಲು ಆಟದ ಗುಣವನ್ನು ಹೇಳುವುದು ನ್ಯಾಯ. ಆ ಕಾಲದ ವಿಡಿಯೋ ಆಟಗಳಲ್ಲಿ ಬಹುಪಾಲು ಎದುರಿಗೆ ಬಂದುದನ್ನು ಕೊಂದು ಮುಂದುವರಿಯುವಂಥವು. ಈ ಆಟದಲ್ಲಿ ಸೋತ ಜೀವಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ. ಬಹುತೇಕ ಎಲ್ಲ ಊರುಗಳಲ್ಲಿಯೂ ಒಂದು ಚಿಕಿತ್ಸಾಕೇಂದ್ರವಿದೆ. ಅಲ್ಲಿ ಯಾವ ಶುಲ್ಕವೂ ಇಲ್ಲದೆ ಮೂರ್ಛಿತ ಜೀವಿಗಳಿಗೆ ಚೇತರಿಕೆಯಾಗುತ್ತದೆ. ಇದು ಆಕಸ್ಮಿಕವಲ್ಲ. 1999ರಲ್ಲಿ ‘ಟೈಮ್’ ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ತಜಿರಿಯವರು, ಜೀವಿಗಳು ಸಾಯದೆ ಮೂರ್ಛೆ ಹೋಗುವಂತೆ ತಾವು ಎಚ್ಚರಿಕೆಯಿಂದ ಯೋಜಿಸಿದ್ದಾಗಿಯೂ, ಆಟಗಳಿಂದ ಮಕ್ಕಳಲ್ಲಿ ಸಾವಿನ ಬಗೆಗೆ ವಿಕೃತ ಕಲ್ಪನೆ ಬೆಳೆಯುವುದು ತಮಗೆ ಸರಿಕಾಣದೆಂದೂ ತಿಳಿಸಿದ್ದಾರೆ. ಕೋಟ್ಯಂತರ ಮಕ್ಕಳ ಕೈಗೆ ಹೋದ ವಸ್ತುವೊಂದರಲ್ಲಿ ವಧೆಯನ್ನು ಬುದ್ಧಿಪೂರ್ವಕವಾಗಿ ಬಿಟ್ಟುಕೊಟ್ಟುದು ಸಣ್ಣ ವಿಷಯವಲ್ಲ.

‘ಇವೆಲ್ಲ ಬರಿಯ ಚಿತ್ರಗಳು, ಚಿತ್ರಕ್ಕೆ ನೋವುಂಟೆ?’ ಎಂಬ ಸಮರ್ಥನೆಯೂ ಕೇಳಿಬರುತ್ತದೆ. ಜನ್ನನ ‘ಯಶೋಧರ ಚರಿತೆ’ಯನ್ನು ಬಲ್ಲ ಓದುಗರಿಗೆ ಈ ಮಾತು ಸಾಕಾಗದು. ಯಶೋಧರನೂ ಅವನ ತಾಯಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಅದರ ಫಲವನ್ನು ಅವರು ಜನ್ಮಜನ್ಮಾಂತರಗಳಲ್ಲಿ ಉಂಡರು. ಹಿಟ್ಟಿಗೆ ಪ್ರಾಣವಿರಲಿಲ್ಲ, ಸಂಕಲ್ಪಕ್ಕಿತ್ತು. ದ್ರವ್ಯಹಿಂಸೆಯಿಲ್ಲದಿದ್ದರೂ ಭಾವಹಿಂಸೆಯುಂಟೆಂಬುದನ್ನು ಆ ಕಥೆ ತೋರಿಸುತ್ತದೆ. ಹಾಗೆಂದು ಅದನ್ನು ಈ ಆಟದ ಮೇಲೆ ನೇರವಾಗಿ ಹೇರುವುದೂ ಸಲ್ಲದು. ಆಡುವ ಮಗುವಿನಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆಟವೇ ಆ ಸಂಕಲ್ಪಕ್ಕೆ ಎಡೆಗೊಟ್ಟಿಲ್ಲ. ಕಥೆಯಿಂದ ಕಲಿಯಬೇಕಾದುದು ಇಷ್ಟೆ: ವಸ್ತುವನ್ನಲ್ಲ, ಸಂಕಲ್ಪವನ್ನು ನೋಡಬೇಕು. ಹಾಗಾದರೆ ಈ ಆಟವು ಮೂಡಿಸುವ ಸಂಕಲ್ಪ ಯಾವುದು?

ಹಿಡಿಯುವ ಸಂಕಲ್ಪ

ಅದು ಹಿಡಿಯುವ ಸಂಕಲ್ಪ. ಹುಲ್ಲಿನಲ್ಲಿ ನಡೆಯುವಾಗ ಒಂದು ಕಾಡುಜೀವಿ ಎದುರಾಗುತ್ತದೆ. ಅದನ್ನು ಹಿಡಿಯಬೇಕಾದರೆ ಬಾಲಕನು ತನ್ನ ಜೀವಿಯಿಂದ ಅದನ್ನು ಹೊಡೆಯಿಸಿ, ಬಲಗುಂದಿಸಿ, ಅನಂತರ ಒಂದು ಚೆಂಡನ್ನು ಎಸೆಯಬೇಕು. ಬಲ ಕುಂದಿದಷ್ಟೂ ಸಿಕ್ಕುವ ಸಂಭವ ಹೆಚ್ಚು. ನಿದ್ರೆಗೆಡವಿದರೆ ಇನ್ನೂ ಹೆಚ್ಚು. ಆದರೆ ಪೂರ್ತಿ ಮೂರ್ಛೆಗೊಳಿಸಿದರೆ ಅದು ಕೈತಪ್ಪಿಹೋಗುತ್ತದೆ. ಹೀಗಾಗಿ ಮಗು ಏಟಿನಲ್ಲಿ ಮಿತಿಯನ್ನು ಕಲಿಯುತ್ತದೆ. ಹೊರನೋಟಕ್ಕೆ ಇದು ಸಂಯಮದಂತೆ ಕಾಣುತ್ತದೆ. ಆದರೆ ಇಲ್ಲಿ ಕೈ ತಡೆಯುವುದು ಜೀವಿಯ ಮೇಲಿನ ಕರುಣೆಯಿಂದಲ್ಲ, ಅದು ತನ್ನದಾಗಬೇಕೆಂಬ ಆಸೆಯಿಂದ. ದಯೆ ಮತ್ತು ಲೋಭ ಎರಡೂ ಒಂದೇ ಕ್ರಿಯೆಯಲ್ಲಿ ಕಾಣಿಸಿಕೊಳ್ಳಬಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದುರ್ಲಭ.

ಆಟದ ನಡುವೆ ‘ಸಫಾರಿ ವಲಯ’ ಎಂಬ ಸ್ಥಳವೊಂದಿದೆ. 500 ನಾಣ್ಯ ತೆತ್ತರೆ 30 ಚೆಂಡುಗಳು ಸಿಗುತ್ತವೆ. 500 ಹೆಜ್ಜೆಗಳೊಳಗೆ ಹಿಡಿದಷ್ಟು ತನ್ನದು. ಅಲ್ಲಿ ಕಾಳಗವಿಲ್ಲ. ಜೀವಿಗೆ ಆಹಾರವನ್ನು ಎಸೆಯಬಹುದು, ಇಲ್ಲವೆ ಕಲ್ಲನ್ನು ಎಸೆಯಬಹುದು. ಆಹಾರ ಎಸೆದರೆ ಜೀವಿ ಓಡಿಹೋಗುವುದು ಕಡಿಮೆ, ಆದರೆ ಹಿಡಿತಕ್ಕೆ ಸಿಗುವುದು ಕಷ್ಟ. ಕಲ್ಲೆಸೆದರೆ ಸುಲಭವಾಗಿ ಸಿಗುತ್ತದೆ, ಆದರೆ ಓಡಿಹೋಗುವ ಸಂಭವ ಹೆಚ್ಚು. ತಯಾರಕರು ಇದನ್ನು ಲೆಕ್ಕಾಚಾರದ ಚಮತ್ಕಾರವೆಂದೇ ಯೋಜಿಸಿರಬಹುದು. ಆದರೂ ಇದರಲ್ಲೊಂದು ಸತ್ಯ ಅಡಗಿದೆ: ಜೀವಿಯ ಸಾಮೀಪ್ಯವೂ ಜೀವಿಯ ಒಡೆತನವೂ ಬೇರೆಬೇರೆ, ಒಂದನ್ನು ತರುವ ನಡತೆ ಇನ್ನೊಂದನ್ನು ದೂರ ಮಾಡುತ್ತದೆ. ಈ ಸತ್ಯದ ಬಾಗಿಲಿಗೆ ಬಂದ ಆಟವು ಒಳಗೆ ಕಾಲಿಡದೆ ಹಿಂದಿರುಗುತ್ತದೆ.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುವುದುಂಟು: ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿದ ಹೊರೆ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಇವುಗಳಲ್ಲಿ ಮೊದಲನೆಯದು ಬಂಧ. ವಧೆಯೊಂದೇ ಹಿಂಸೆಯಲ್ಲ, ಕಟ್ಟಿಹಾಕುವುದೂ ವ್ರತಕ್ಕೆ ಕುಂದು ಎಂಬ ಸೂಕ್ಷ್ಮ ಇದರಲ್ಲಿದೆ. ಈ ಆಟವು ಪ್ರಾಣಹರಣವನ್ನು ದೂರವಿಟ್ಟು ಬಂಧವನ್ನೇ ಕೇಂದ್ರದಲ್ಲಿ ಸ್ಥಾಪಿಸಿತು. ಮತ್ತು ಆ ಬಂಧವು ನೋವಿಲ್ಲದ್ದು, ಸದ್ದಿಲ್ಲದ್ದು ಎಂದು ತೋರಿಸಿತು. ಚೆಂಡು ಮೂರು ಸಲ ಅಲುಗುತ್ತದೆ, ನಿಲ್ಲುತ್ತದೆ. ಕಾಡಿನ ಜೀವಿ ಬಾಲಕನದಾಗುತ್ತದೆ. ಅದರ ಒಪ್ಪಿಗೆಯ ಪ್ರಶ್ನೆ ಏಳುವುದೇ ಇಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಬೇರೊಬ್ಬ ಆಟಗಾರನ ಜೀವಿಯ ಮೇಲೆ ಬಾಲಕನು ಚೆಂಡನ್ನು ಎಸೆದರೆ ಅದನ್ನು ತಡೆಯಲಾಗುತ್ತದೆ. ಕಳ್ಳತನ ಮಾಡಕೂಡದೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ. ಅಂದರೆ ಆಟಕ್ಕೆ ಅಚೌರ್ಯದ ಅರಿವು ಚೆನ್ನಾಗಿಯೇ ಇದೆ. ಆದರೆ ಅಲ್ಲಿ ರಕ್ಷಣೆ ದೊರೆಯುವುದು ಒಡೆಯನ ಹಕ್ಕಿಗೆ, ಜೀವಿಯ ಸ್ವಾತಂತ್ರ್ಯಕ್ಕಲ್ಲ. ಒಡೆಯನಿಲ್ಲದ ಜೀವಿ ಯಾರಿಗೂ ಸೇರದ್ದು, ಆದುದರಿಂದ ಮೊದಲು ಹಿಡಿದವನದು. ತನಗೆ ತಾನೇ ಸೇರಿದ ಜೀವವೆಂಬ ಕಲ್ಪನೆಗೆ ಆಟದ ನ್ಯಾಯದಲ್ಲಿ ಸ್ಥಾನವಿಲ್ಲ.

ಸ್ಮಶಾನದ ಗೋಪುರ

ಒಂದೇ ಒಂದು ಊರಿನಲ್ಲಿ ಆಟವು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತದೆ. ಲ್ಯಾವೆಂಡರ್ ಎಂಬ ಆ ಊರಿನಲ್ಲಿ ಸತ್ತ ಜೀವಿಗಳ ಸಮಾಧಿಗಳಿರುವ ಗೋಪುರವಿದೆ. ಎಲ್ಲಿಯೂ ಸಾವನ್ನು ತೋರದ ಆಟ ಇಲ್ಲಿ ಮಾತ್ರ ಸಾವುಂಟೆಂದು ಒಪ್ಪುತ್ತದೆ. ‘ಟೀಮ್ ರಾಕೆಟ್’ ಎಂಬ ದುಷ್ಟರ ಗುಂಪಿನಿಂದ ತಪ್ಪಿಸಿಕೊಳ್ಳಲು ಹೋಗಿ ಪ್ರಾಣ ಕಳೆದುಕೊಂಡ ಒಂದು ತಾಯಿಯ ಪ್ರೇತವು ಗೋಪುರದ ಮೆಟ್ಟಿಲಲ್ಲಿ ದಾರಿಗಟ್ಟಿ ನಿಂತಿದೆ. ಅದರ ಮರಿ ಕ್ಯೂಬೋನ್ ಅನಾಥವಾಗಿದೆ. ಬಾಲಕನು ಆ ಪ್ರೇತದ ಮೇಲೆ ಚೆಂಡನ್ನು ಎಸೆದರೆ ಅದು ಸಿಗುವುದಿಲ್ಲ. ಹುಲ್ಲಿನಲ್ಲಿ, ನೀರಿನಲ್ಲಿ, ಗುಹೆಯಲ್ಲಿ ಎದುರಾಗುವ ಕಾಡುಜೀವಿಗಳನ್ನೆಲ್ಲ ಹಿಡಿಯಲು ಅನುವು ಮಾಡಿಕೊಟ್ಟ ಆಟವು, ಸೆರೆಯಿಂದ ತಪ್ಪಿಸಿಕೊಳ್ಳಲು ಸತ್ತ ಈ ತಾಯಿಯನ್ನು ಮಾತ್ರ ಹಿಡಿಯಗೊಡುವುದಿಲ್ಲ. ಅವಳ ಆತ್ಮ ಶಾಂತವಾಗಿ ಹೊರಟುಹೋದ ಮೇಲೆ ದಾರಿ ತೆರೆಯುತ್ತದೆ.

ಅದೇ ಊರಿನಲ್ಲಿ ಫ್ಯೂಜಿ ಎಂಬ ಮುದುಕರಿದ್ದಾರೆ. ತೊರೆಯಲ್ಪಟ್ಟ, ತಬ್ಬಲಿಯಾದ ಜೀವಿಗಳನ್ನು ತಮ್ಮ ಮನೆಯಲ್ಲಿಟ್ಟು ಸಾಕುತ್ತಾರೆ. ಅವರು ಯಾರನ್ನೂ ಸೋಲಿಸುವುದಿಲ್ಲ, ಯಾವ ಪದಕವನ್ನೂ ಕೊಡುವುದಿಲ್ಲ. ಇಡೀ ಆಟದಲ್ಲಿ ಜೀವಿಗಳಿಂದ ಏನನ್ನೂ ಬಯಸದ ಹಿರಿಯರೆಂದರೆ ಇವರೇ ಎಂದು ತೋರುತ್ತದೆ. ಪಿಂಜರಾಪೋಲು, ಗೋಶಾಲೆಗಳನ್ನು ನಡೆಸಿ ಬಲ್ಲವರಿಗೆ ಈ ಪಾತ್ರದ ಗುರುತು ಕೂಡಲೇ ಹತ್ತುತ್ತದೆ. ಅವರ ಮನೆಯಿಂದ ಹೊರಟ ಬಾಲಕನು ಮತ್ತೆ ಚೆಂಡುಗಳನ್ನು ಕೊಂಡು ಬೇಟೆಗೆ ತೆರಳುತ್ತಾನೆ. ಆಟವು ದುಷ್ಟರ ಬಂಧನವನ್ನು ಪಾಪವೆಂದು ತೋರಿಸಿ, ಬಾಲಕನ ಬಂಧನವನ್ನು ಸ್ನೇಹವೆಂದು ಕರೆಯುತ್ತದೆ. ವ್ಯತ್ಯಾಸವು ಉದ್ದೇಶದಲ್ಲಿದೆ ಎನ್ನಬಹುದು; ಆದರೆ ಚೆಂಡು ಒಂದೇ.

ಆರು ಮತ್ತು ನೂರೈವತ್ತು

ಆಟದ ನಿಯಮಗಳಲ್ಲಿ ಅತ್ಯಂತ ವಿವೇಕಯುತವಾದದ್ದೂ ಅತ್ಯಂತ ಅವಿವೇಕದ್ದೂ ಅಕ್ಕಪಕ್ಕದಲ್ಲಿಯೇ ಇವೆ. ಬಾಲಕನು ತನ್ನೊಡನೆ ಕೊಂಡೊಯ್ಯಬಹುದಾದ ಜೀವಿಗಳು ಆರು ಮಾತ್ರ. ಎಷ್ಟೇ ಬಲಶಾಲಿಯಾದರೂ ಏಳನೆಯದಕ್ಕೆ ಅವಕಾಶವಿಲ್ಲ. ಈ ಮಿತಿಯಿಂದಾಗಿಯೇ ಮಗು ಯೋಚಿಸುತ್ತದೆ, ಆರಿಸುತ್ತದೆ, ಆರಿಸಿದ್ದನ್ನು ಪ್ರೀತಿಸುತ್ತದೆ. ಅವುಗಳ ಹೆಸರು, ಸ್ವಭಾವ, ಬಲಾಬಲಗಳನ್ನು ತಿಳಿಯುತ್ತದೆ. ಆಟದ ಕಥೆಯನ್ನು ಪೂರ್ತಿ ಮುಗಿಸುವುದಕ್ಕೂ ಆರೇ ಸಾಕು. ಪರಿಗ್ರಹ ಪರಿಮಾಣವ್ರತದ ಅರ್ಥವನ್ನು ಹತ್ತು ವರ್ಷದ ಮಗುವಿಗೆ ತಿಳಿಸಲು ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಾಗಿಲ್ಲ.

ಏಳನೆಯದನ್ನು ಹಿಡಿದೊಡನೆ ಏನಾಗುತ್ತದೆ? ಅದು ತಾನಾಗಿ ಒಂದು ಗಣಕಯಂತ್ರದ ಪೆಟ್ಟಿಗೆಗೆ ಹೋಗುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲಿ ಅಂತಹ ಪೆಟ್ಟಿಗೆಗಳು 12, ಒಂದೊಂದರಲ್ಲಿ 20 ಜೀವಿಗಳಿಗೆ ಸ್ಥಳ, ಒಟ್ಟು 240. ಒಂದು ಪೆಟ್ಟಿಗೆ ತುಂಬಿದರೆ ಇನ್ನೊಂದಕ್ಕೆ ಬದಲಾಯಿಸಿಕೊಂಡು ಬೇಟೆಯನ್ನು ಮುಂದುವರಿಸಬಹುದು. ಪೆಟ್ಟಿಗೆಯೊಳಗೆ ಆ ಜೀವಿಗಳು ಏನು ಮಾಡುತ್ತವೆ, ಅವುಗಳಿಗೆ ಹಗಲುರಾತ್ರಿಗಳುಂಟೆ ಎಂಬುದನ್ನು ಆಟ ಹೇಳುವುದಿಲ್ಲ. ಕೈಯಲ್ಲಿರುವುದಕ್ಕೆ ಮಿತಿಯನ್ನಿಟ್ಟ ಆಟವು ಉಗ್ರಾಣಕ್ಕೆ ಮಿತಿಯನ್ನಿಡಲು ಮರೆಯಿತು. ಹಿಡಿದ ಕ್ಷಣದ ಹರ್ಷ ಮುಗಿದೊಡನೆ ಜೀವಿ ಒಂದು ಹೆಸರಾಗಿ, ಹೆಸರು ಒಂದು ಸಾಲಾಗಿ ಪಟ್ಟಿಯಲ್ಲಿ ಉಳಿಯುತ್ತದೆ. ಮಾನವರು ಪ್ರಯೋಗಾಲಯದಲ್ಲಿ ಸೃಷ್ಟಿಸಿ ಅಂಕೆಯಲ್ಲಿಡಲಾರದೆ ಹೋದ ‘ಮ್ಯೂಟೂ’ ಎಂಬ ಜೀವಿ ದೂರದ ಗುಹೆಯಲ್ಲಿ ಅಡಗಿರುತ್ತದೆ. ಆಟದ ಕೊನೆಯಲ್ಲಿ ಅದನ್ನೂ ಹುಡುಕಿ ಹಿಡಿದರೆ, ಅದರ ಗತಿಯೂ ಅನೇಕ ವೇಳೆ ಆ ಪೆಟ್ಟಿಗೆಯೇ.

ಸಂಗ್ರಹಕ್ಕೆ ದೊರೆಯುವ ಫಲವನ್ನು ನೋಡಿದರೆ ಇನ್ನೂ ವಿಸ್ಮಯವಾಗುತ್ತದೆ. 10, 30, 50 ಬಗೆಗಳನ್ನು ಹಿಡಿದಾಗ ಪ್ರಾಧ್ಯಾಪಕರ ಸಹಾಯಕರು ಒಂದೊಂದು ಉಪಯುಕ್ತ ವಸ್ತುವನ್ನು ಕೊಡುತ್ತಾರೆ. ಅಲ್ಲಿಂದ ಮುಂದೆ 150ರವರೆಗೆ ಸಂಗ್ರಹಕ್ಕೆಂದು ಬೇರೆ ಬಹುಮಾನವಿಲ್ಲ. ಕೋಶವನ್ನು ಪೂರ್ಣಗೊಳಿಸಿ, ಸೆಲಡಾನ್ ಎಂಬ ಊರಿನ ಒಂದು ಕಟ್ಟಡದಲ್ಲಿರುವ ಆಟದ ತಯಾರಕರನ್ನೇ ಭೇಟಿಯಾದರೆ, ಅವರೊಂದು ಪ್ರಮಾಣಪತ್ರವನ್ನು ತೋರಿಸುತ್ತಾರೆ. ಅಷ್ಟೆ. ನೂರಾರು ಗಂಟೆಗಳ ದುಡಿಮೆಗೆ ಒಂದು ಕಾಗದದ ಚಿತ್ರ. ಇದು ತಯಾರಕರ ವ್ಯಂಗ್ಯವೋ ವಿನೋದವೋ ತಿಳಿಯದು; ಆದರೆ ಸಂಗ್ರಹದ ಕೊನೆಯಲ್ಲಿ ಏನಿರುತ್ತದೆ ಎಂಬುದರ ನಿಜವಾದ ಚಿತ್ರಣ ಅದು.

‘ತತ್ತ್ವಾರ್ಥಸೂತ್ರ’ವು ಪರಿಗ್ರಹಕ್ಕೆ ಕೊಡುವ ಹೆಸರು ‘ಮೂರ್ಛೆ’. ವಸ್ತುವಿನ ಸಂಖ್ಯೆಯಲ್ಲಿ ಅಲ್ಲ, ವಸ್ತುವಿನ ಮೇಲಿನ ಮಮತೆಯಲ್ಲಿ ಎಚ್ಚರದಪ್ಪುವುದರಲ್ಲಿ ಪರಿಗ್ರಹವಿದೆ ಎಂಬುದು ಅದರ ತಾತ್ಪರ್ಯ. ಈ ಆಟದಲ್ಲಿ ಎರಡು ಮೂರ್ಛೆಗಳಿವೆ. ಕಾಳಗದಲ್ಲಿ ಸೋತ ಜೀವಿಯ ಮೂರ್ಛೆ ಒಂದು. ಅದಕ್ಕೆ ಪ್ರತಿ ಊರಿನಲ್ಲಿಯೂ ಚಿಕಿತ್ಸೆಯಿದೆ. ಪಟ್ಟಿಯನ್ನು ತುಂಬಲು ಹೊರಟ ಆಟಗಾರನ ಮೂರ್ಛೆ ಇನ್ನೊಂದು; ಅದಕ್ಕೆ ಯಾವ ಊರಿನಲ್ಲಿಯೂ ಚಿಕಿತ್ಸಾಕೇಂದ್ರವಿಲ್ಲ. ಅಮೆರಿಕದಲ್ಲಿ ಆಟವನ್ನು ಮಾರಿದವರು, ಎಲ್ಲವನ್ನೂ ಹಿಡಿಯಲೇಬೇಕೆಂಬ ಅರ್ಥದ ಘೋಷಣೆಯನ್ನು ಮಾಡಿ ಆ ಎರಡನೆಯ ಮೂರ್ಛೆಯನ್ನೇ ಬಂಡವಾಳ ಮಾಡಿಕೊಂಡರು. ಅಂದು 151 ಇದ್ದ ಬಗೆಗಳು ಇಂದು ಸಾವಿರವನ್ನು ಮೀರಿವೆ.

ಕೊಟ್ಟರೆ ಬೆಳೆಯುವುದು

ಇಷ್ಟಕ್ಕೇ ನಿಲ್ಲಿಸಿದರೆ ವಿಮರ್ಶೆ ಅಪೂರ್ಣವಾಗುತ್ತದೆ. ಈ ಆಟದಲ್ಲಿ ಲೋಭವನ್ನು ಒಳಗಿನಿಂದಲೇ ಸಡಿಲಿಸುವ ನಿಯಮಗಳೂ ಇವೆ. ಮೊದಲನೆಯದು ತಂತಿಯ ವಿನಿಮಯ. ಒಬ್ಬನೇ ಎಷ್ಟು ಹೆಣಗಿದರೂ ಒಂದೇ ಕ್ಯಾಸೆಟ್ಟಿನಲ್ಲಿ ಎಲ್ಲ ಬಗೆಯ ಜೀವಿಗಳು ಸಿಗುವುದಿಲ್ಲ. ಎಕನ್ಸ್ ಎಂಬ ಹಾವು ಕೆಂಪು ಆವೃತ್ತಿಯಲ್ಲಿದೆ, ನೀಲಿಯಲ್ಲಿಲ್ಲ. ಸ್ಯಾಂಡ್‌ಶ್ರೂ ನೀಲಿಯಲ್ಲಿದೆ, ಕೆಂಪಿನಲ್ಲಿಲ್ಲ. ಆರಂಭದಲ್ಲಿ ಮೂರರಲ್ಲಿ ಒಂದನ್ನು ಆರಿಸಿದವನಿಗೆ ಉಳಿದೆರಡು ಬೇರೆಯವರಿಂದಲೇ ಬರಬೇಕು. ಎರಡು ಕ್ಯಾಸೆಟ್ಟುಗಳನ್ನು ಮಾರುವ ವ್ಯಾಪಾರದ ಜಾಣ್ಮೆ ಇದರಲ್ಲಿರುವುದು ನಿಜ. ಆದರೂ ನೆರೆಮನೆಯ ಮಗುವಿನ ಹತ್ತಿರ ಕುಳಿತು, ಮಾತನಾಡಿ, ತನ್ನದನ್ನು ಕೊಟ್ಟಲ್ಲದೆ ಪಡೆಯಲಾಗದು ಎಂಬ ನಿಯಮ ಮಕ್ಕಳನ್ನು ಒಂದುಗೂಡಿಸಿತು.

ಎರಡನೆಯದು ಇನ್ನೂ ಸೊಗಸಾದುದು. ಕಡಾಬ್ರ, ಮಷೋಕ್, ಗ್ರಾವೆಲರ್, ಹಾಂಟರ್ ಎಂಬ ನಾಲ್ಕು ಜೀವಿಗಳು ಒಬ್ಬನ ಕೈಯಲ್ಲಿಯೇ ಇದ್ದರೆ ಪೂರ್ಣ ವಿಕಾಸವನ್ನು ಹೊಂದುವುದಿಲ್ಲ. ಬೇರೊಬ್ಬರಿಗೆ ಕೊಟ್ಟಾಗ ಮಾತ್ರ ಕೊನೆಯ ರೂಪವನ್ನು ತಾಳುತ್ತವೆ. ಅಷ್ಟೇ ಅಲ್ಲ, ಬೇರೊಬ್ಬರಿಂದ ಬಂದ ಜೀವಿಗೆ ಪ್ರತಿ ಸೆಣಸಿನ ಅನುಭವವು ಒಂದೂವರೆ ಪಟ್ಟು ದೊರೆಯುತ್ತದೆ. ತನ್ನದೆಂದು ಬಿಗಿಹಿಡಿದುದು ಬೆಳೆಯದು, ಕೈಬಿಟ್ಟುದು ಬೆಳೆಯುತ್ತದೆ. ದಾನದ ಮಹಿಮೆಯನ್ನು ಹೇಳುವ ನೀತಿಪಾಠವನ್ನು ಬರೆಯಲು ತಯಾರಕರು ಕುಳಿತಿರಲಿಲ್ಲ. ಆದರೆ ಅವರ ನಿಯಮವೇ ಆ ಪಾಠವನ್ನು ಹೇಳುತ್ತದೆ.

ಮೂರನೆಯ ನಿಯಮ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಅದನ್ನು ಗಮನಿಸಿದ ಮಕ್ಕಳು ವಿರಳ. ವಿಶ್ವಕೋಶದಲ್ಲಿ ಒಂದು ಜೀವಿಯ ವಿವರ ಒಮ್ಮೆ ದಾಖಲಾದರೆ ಅದು ಅಳಿಯುವುದಿಲ್ಲ. ಆ ಜೀವಿಯನ್ನು ಬೇರೊಬ್ಬರಿಗೆ ಕೊಟ್ಟರೂ, ಕಾಡಿಗೆ ಬಿಟ್ಟರೂ, ಅರಿವು ಉಳಿಯುತ್ತದೆ. ಪೆಟ್ಟಿಗೆಯ ಯಂತ್ರದಲ್ಲಿ ಜೀವಿಯನ್ನು ಬಿಡುಗಡೆ ಮಾಡುವ ಆಯ್ಕೆಯೂ ಇದೆ. ಬಿಟ್ಟಾಗ ಆಟವು ಆ ಜೀವಿಗೆ ವಿದಾಯ ಹೇಳುತ್ತದೆ. ಅಂದರೆ ಪ್ರಾಧ್ಯಾಪಕರು ಕೇಳಿದ ಕೆಲಸಕ್ಕೆ ಜೀವಿಯನ್ನು ಪೆಟ್ಟಿಗೆಯಲ್ಲಿ ಕೂಡಿಡಬೇಕಾದ ಅಗತ್ಯವೇ ಇಲ್ಲ. ಕಂಡು, ಅರಿತು, ಬಿಟ್ಟುಬಿಟ್ಟರೂ ಕೋಶ ತುಂಬುತ್ತದೆ, ಪ್ರಮಾಣಪತ್ರವೂ ಬರುತ್ತದೆ. ಅಪರಿಗ್ರಹಿಯಾಗಿ ಆಡುವ ದಾರಿಯನ್ನು ಆಟ ಮುಚ್ಚಿಲ್ಲ. ಆದರೆ ಹಾಗೆ ಬಿಟ್ಟವನಿಗೆ ಒಂದು ಮೆಚ್ಚುಮಾತನ್ನೂ ಆಡುವುದಿಲ್ಲ. ಆಟದ ಹಿರಿಯರಲ್ಲಿ ಒಬ್ಬರೂ ಬಿಡುವುದನ್ನು ಬಾಲಕನಿಗೆ ಕಲಿಸುವುದಿಲ್ಲ.

ಇಲ್ಲಿಯೇ ಆಟದ ಮೂಲದೋಷವೂ ಕಾಣುತ್ತದೆ. ಕಣ್ಣಿಗೆ ಬಿದ್ದ ಮಾತ್ರಕ್ಕೆ ಕೋಶದಲ್ಲಿ ಜೀವಿಯ ಹೆಸರು, ಚಿತ್ರ, ವಾಸಸ್ಥಳಗಳು ಬರುತ್ತವೆ. ಎತ್ತರ, ತೂಕ, ಸ್ವಭಾವಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಥವಾ ಶೂನ್ಯ. ಅವು ತಿಳಿಯಬೇಕಾದರೆ ಹಿಡಿಯಲೇಬೇಕು. ಹಿಡಿಯದೆ ಅರಿವಿಲ್ಲ ಎಂಬುದು ಈ ಕೋಶದ ತತ್ತ್ವ. ಕೀಟವನ್ನು ಸೂಜಿಗೆ ಚುಚ್ಚಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೆಸರು ಬರೆಯುತ್ತಿದ್ದ ಹಳೆಯ ಕಾಲದ ಪ್ರಕೃತಿಶಾಸ್ತ್ರಜ್ಞರ ನಂಬಿಕೆ ಅದು. ಮಚಿದದ ಬಾಲಕನಿಗೆ ಕೊಳದ ಬಳಿ ದೊರೆತ ಸಂತೋಷದಲ್ಲಿ ಹಿಡಿಯುವುದಕ್ಕಿಂತ ಮೊದಲು ಕಾಯುವುದಿತ್ತು, ನೋಡುವುದಿತ್ತು, ಜೀರುಂಡೆಯ ನಡೆಯನ್ನು ಅರಿಯುವುದಿತ್ತು. ಆಟದಲ್ಲಿ ಉಳಿದುಬಂದುದು ಬಹುಮಟ್ಟಿಗೆ ಹಿಡಿಯುವುದು ಮಾತ್ರ.

ನಂತರದ ದಾರಿ

ಈ ದೋಷ ಅನಿವಾರ್ಯವಾದದ್ದಲ್ಲವೆಂಬುದಕ್ಕೆ ಇದೇ ಪರಂಪರೆಯ ಮುಂದಿನ ಕೃತಿಗಳೇ ಸಾಕ್ಷಿ. 1998ರ ಹಳದಿ ಆವೃತ್ತಿಯಲ್ಲಿ ಪಿಕಾಚು ಚೆಂಡಿನೊಳಗೆ ಇರಲು ಒಪ್ಪದೆ ಬಾಲಕನ ಹಿಂದೆಯೇ ನಡೆಯುತ್ತದೆ. ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಅದರ ಸ್ನೇಹ ಕುಂದುತ್ತದೆ. ಒಂದು ಜೀವಿಗಾದರೂ ಮನಸ್ಸುಂಟೆಂದು ಆಟ ಒಪ್ಪಿಕೊಂಡಿತು. 1999ರ ‘ಪೋಕೆಮಾನ್ ಸ್ನ್ಯಾಪ್’ ಎಂಬ ಆಟದಲ್ಲಿ ಚೆಂಡು ಎಸೆಯುವುದೇ ಇಲ್ಲ; ಬಾಲಕನು ಗಾಡಿಯಲ್ಲಿ ಕುಳಿತು 63 ಬಗೆಯ ಜೀವಿಗಳ ಛಾಯಾಚಿತ್ರ ತೆಗೆಯುತ್ತಾನೆ, ಅದೇ ಪ್ರಾಧ್ಯಾಪಕರು ಚಿತ್ರಗಳಿಗೆ ಅಂಕ ಕೊಡುತ್ತಾರೆ. ಜೀವಿಗಳನ್ನು ಕೆಣಕಲು ಉಂಡೆಯೆಸೆಯುವ ದೋಷ ಅದರಲ್ಲಿಯೂ ಉಂಟು. ಆದರೂ ನೋಡಿ ಅರಿಯಬಹುದು, ನೋಡುವುದರಲ್ಲಿಯೇ ಆನಂದವುಂಟು ಎಂಬುದನ್ನು ಅದು ಆಡಿ ತೋರಿಸಿತು.

2010ರ ಕಪ್ಪು ಮತ್ತು ಬಿಳಿ ಆವೃತ್ತಿಗಳು ಇನ್ನೂ ಧೈರ್ಯ ತೋರಿದವು. ಜೀವಿಗಳನ್ನೆಲ್ಲ ಬಂಧನದಿಂದ ಬಿಡಬೇಕೆಂದು ಸಾರುವ ಒಂದು ಪಂಗಡವನ್ನು ಅವು ಕಥೆಯ ಕೇಂದ್ರಕ್ಕೆ ತಂದವು. ‘ಎನ್’ ಎಂಬ ಯುವಕ ಆ ಮಾತನ್ನು ಪ್ರಾಮಾಣಿಕವಾಗಿ ನಂಬಿದವನು. ಆದರೆ ಕಡೆಗೆ ಆ ಪಂಗಡದ ಹಿಂದಿದ್ದ ಗೆಟ್ಸಿಸ್ ಎಂಬಾತ ಕಪಟಿಯೆಂದೂ, ಇತರರೆಲ್ಲ ಜೀವಿಗಳನ್ನು ಬಿಟ್ಟ ಮೇಲೆ ಲೋಕವನ್ನು ತಾನೊಬ್ಬನೇ ಆಳಬಯಸಿದನೆಂದೂ ತಿಳಿದುಬರುತ್ತದೆ. ಕೇಳಿದವನು ಕಪಟಿಯಾದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ. ಆದರೆ ಆಟವು ಕಪಟಿಯನ್ನು ಸೋಲಿಸಿ, ಉತ್ತರ ಕೊಟ್ಟಂತೆ ತೃಪ್ತಿಪಟ್ಟಿತು.

ಹಾಗಾದರೆ ಈ ಆಟದ ಬಗೆಗೆ ಕೊನೆಯ ಮಾತೇನು? ಇದು ಕ್ರೂರವಾದ ಕೃತಿಯಲ್ಲ. ಮಮತೆಯಿಂದ ಹುಟ್ಟಿದ, ವಧೆಯನ್ನು ದೂರವಿಟ್ಟ, ಕೊಡುಕೊಳ್ಳುವಿಕೆಯನ್ನು ನಿಯಮವಾಗಿಸಿದ ಕೃತಿ. ಆದರೆ ಬಂಧವನ್ನು ಹಿಂಸೆಯೆಂದು ಗುರುತಿಸದೆ ಹೋಯಿತು. ಅರಿವನ್ನು ಒಡೆತನಕ್ಕೆ ಕಟ್ಟಿಹಾಕಿತು. ಮೊಟ್ಟೆಯ ಚಿತ್ರಕ್ಕೆ ನೊಂದವರು ಪೆಟ್ಟಿಗೆಯತ್ತ ನೋಡಲಿಲ್ಲ. ಆಟವನ್ನು ಮನೆಯಿಂದ ಹೊರಗೆ ಹಾಕುವುದು ಸುಲಭ. ಹಾಕಿದರೂ ಹಿಡಿದಿಡುವ ಚಟ ಬೇರೆ ರೂಪದಲ್ಲಿ, ಅಂಟುಚಿತ್ರವಾಗಿಯೋ ಆಟಿಕೆಯಾಗಿಯೋ, ಹಿರಿಯರಲ್ಲಾದರೆ ಸೀರೆಯಾಗಿಯೋ ನಿವೇಶನವಾಗಿಯೋ, ಒಳಗೆ ಬರುತ್ತದೆ. ಅದಕ್ಕಿಂತ ತಾಯಿತಂದೆಯರೂ ಪಾಠಶಾಲೆಯ ಶಿಕ್ಷಕರೂ ಆಡುವ ಮಗುವಿನ ಪಕ್ಕದಲ್ಲಿ ಕುಳಿತು ಎರಡು ಪ್ರಶ್ನೆಗಳನ್ನು ಕೇಳುವುದು ಹೆಚ್ಚು ಫಲಕಾರಿ. ನಿನ್ನ ಆರು ಜೀವಿಗಳ ಹೆಸರೇನು? ನಿನ್ನ ಪೆಟ್ಟಿಗೆಯಲ್ಲಿರುವವುಗಳ ಹೆಸರೇನು? ಮೊದಲನೆಯದಕ್ಕೆ ಮಗು ತಡವರಿಸದೆ ಉತ್ತರಿಸುತ್ತದೆ. ಎರಡನೆಯದಕ್ಕೆ ಅದು ಯಂತ್ರವನ್ನು ತೆರೆದು ನೋಡಬೇಕಾಗುತ್ತದೆ. ಆಗ ಬಿಡುಗಡೆಯ ಗುಂಡಿ ಎಲ್ಲಿದೆಯೆಂದು ಅದಕ್ಕೆ ತೋರಿಸಬಹುದು.